ಬಾರದ ತೆರಿಗೆಗೆ ಹೆದರಿ ಕೊಂಡ ಶೂಗಳು

ಈ ಸಲ ರಜೆಗೆ ಮೈಸೂರಿಗೆ ಬಂದಾಗ ತಂಗಿಯ ಮಗಳಿಗೆ ಶಾಲೆಯ ಶೂ ಕೊಡಿಸಲು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದು, ಶೂ ಒಳಗೆ ತುರುಕಿದ್ದ ಕಾಗದದ ಉಂಡೆಯನ್ನು ಹೊರಗೆಳೆದ. ಹೊಸ ರಬ್ಬರು ಮತ್ತು ಅಂಟಿನ ವಾಸನೆ ಮೂಗಿಗೆ ಬಡಿಯಿತು. ನನಗೇ ಗೊತ್ತಿಲ್ಲದಂತೆ ಒಂದು ಹೆಜ್ಜೆ ಹಿಂದೆ ಸರಿದೆ.

“ಮುಂದಿನ ತಿಂಗಳು ರೇಟ್ ಏರುತ್ತೆ ಮೇಡಂ. ಎರಡು ಜೊತೆ ತಗೊಂಡುಬಿಡಿ, ಟ್ಯಾಕ್ಸ್ ಸೇರಿ ಈಗಿನ ರೇಟಲ್ಲೇ ಕೊಡ್ತೀನಿ” ಎಂದ.

ಅವನು ತನ್ನ ವ್ಯಾಪಾರದ ಮಾತು ಆಡಿದ, ಅಷ್ಟೆ. ಆದರೆ ಆ ವಾಸನೆಯೂ ಆ ಮಾತೂ ಒಟ್ಟಿಗೆ ಬಂದಾಗ ನಾನು ಮೈಸೂರಿನಲ್ಲಿ ಇರಲಿಲ್ಲ. ಕತಾರಿನ ಮುಐದರ್‌ನಲ್ಲಿ, ನಮ್ಮ ವಿಲ್ಲಾದ ಚಿಕ್ಕ ಕೋಣೆಯಲ್ಲಿ, ಸೂರು ಮುಟ್ಟುವಷ್ಟು ಪೇರಿಸಿದ್ದ ಶೂ ಡಬ್ಬಗಳ ನಡುವೆ ನಿಂತಿದ್ದೆ. ಅದು ವಿಶ್ವಕಪ್ ಫುಟ್‌ಬಾಲ್ ನಡೆದ ವರ್ಷ. ಊರಿಗೆಲ್ಲ ಚೆಂಡಿನ ಚಿಂತೆ, ನನಗೆ ಶೂಗಳ ಚಿಂತೆ.

ನಾನು ಆಗ ಮಗನ ಶಾಲೆಯ ಪೋಷಕರ ನೆರವು ನಿಧಿಗೆ ಖಜಾಂಚಿ. ಸಂಬಳವಿಲ್ಲದ ಕೆಲಸ. ಹಗಲು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ, ಸಂಜೆ ಮನೆಯಲ್ಲಿ ನಿಧಿಯ ಲೆಕ್ಕ. ಕೈ ಬಿಗಿಯಾದ ಸುಮಾರು ಮೂವತ್ತು ಮಕ್ಕಳಿಗೆ ಶೂ, ಬ್ಯಾಗು, ಪುಸ್ತಕ ಕೊಡಿಸುವುದು, ಅನಿವಾರ್ಯವಾದರೆ ಒಬ್ಬಿಬ್ಬರ ಫೀಸು ಕಟ್ಟುವುದು ನಿಧಿಯ ಕೆಲಸ. ಅದಕ್ಕೆ ದುಡ್ಡು ಬರುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ, ಏಪ್ರಿಲ್‌ನಲ್ಲಿ, ಶಾಲೆ ಅನುಮತಿ ಪಡೆದು ಪೋಷಕರಿಗೆ ಸುತ್ತೋಲೆ ಕಳುಹಿಸಿದಾಗ. ಆಮೇಲೆ ಯಾರ ಹತ್ತಿರವೂ ಕೈ ಚಾಚುವಂತಿಲ್ಲ. ಆ ದೇಶದಲ್ಲಿ ಅನುಮತಿಯಿಲ್ಲದೆ ನೆರವಿನ ಹೆಸರಿನಲ್ಲಿ ಚಂದಾ ಎತ್ತುವುದು ಅಪರಾಧ, ವಾಟ್ಸಾಪ್ ಗುಂಪಿನಲ್ಲಿ ಹಾಗೇ ಸುಮ್ಮನೆ ಕೇಳುವಂತೆಯೂ ಇರಲಿಲ್ಲ.

ಉಳಿತಾಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಸುತ್ತೋಲೆಯನ್ನು ಕಾಗದದ ಎರಡೂ ಬದಿಗೆ ಅಚ್ಚು ಹಾಕಿಸಿದೆ. ನೋಟ್‌ಬುಕ್‌ಗೆ ಮೂರು ಅಂಗಡಿಯ ರೇಟು ತರಿಸಿ, ಒಬ್ಬರ ರೇಟು ಇನ್ನೊಬ್ಬರಿಗೆ ತೋರಿಸಿ ಇಳಿಸಿದೆ. ಹಿಂದಿನ ಎರಡು ವರ್ಷ ವಾರ್ಷಿಕ ಸಭೆಯಲ್ಲಿ ನನಗೆ ಚಪ್ಪಾಳೆ ಬಿದ್ದಿತ್ತು. ಆ ಚಪ್ಪಾಳೆ ನನ್ನ ತಲೆಗೆ ಏರಿತ್ತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು, ವ್ಯಾಟ್ ಎಂಬ ನೂರಕ್ಕೆ ಐದರ ಮಾರಾಟ ತೆರಿಗೆ ಬರುತ್ತದಂತೆ. ಅಕ್ಕಪಕ್ಕದ ದೇಶಗಳಲ್ಲಿ ಅದು ಆಗಲೇ ಬಂದು ಕೂತಿತ್ತು. ನಮ್ಮ ಆಫೀಸಿಗೆ ಯಾರೋ ಸಲಹೆಗಾರರು ಬಂದು ಅರ್ಧ ದಿನ ಪಾಠ ಮಾಡಿ ಹೋದರು. ನಾವು ಲೆಕ್ಕ ಬರೆಯುವ ಸಾಫ್ಟ್‌ವೇರಿನಲ್ಲಿ ವ್ಯಾಟ್ ಎಂಬ ಕಾಲಂ ಕೂಡ ಹುಟ್ಟಿಕೊಂಡು, ಸೊನ್ನೆ ತುಂಬಿಕೊಂಡು ಕಾಯುತ್ತಿತ್ತು. ಪಾಠ ಕೇಳಿದ ನನಗೆ ಒಂದು ಅಂಶ ಮನಸ್ಸಿನಲ್ಲಿ ನಾಟಿತು. ಅಂಗಡಿಯವರು ತಾವು ಕೊಟ್ಟ ತೆರಿಗೆಯನ್ನು ಗಿರಾಕಿಯಿಂದ ವಸೂಲಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ನಮ್ಮ ನಿಧಿ ಏನನ್ನೂ ಮಾರುವುದಿಲ್ಲ, ಆದ್ದರಿಂದ ನಾವು ಕೊಟ್ಟದ್ದು ಹೋಯಿತೆಂದೇ ಲೆಕ್ಕ. ಹಾಗಿದ್ದ ಮೇಲೆ ತೆರಿಗೆ ಬರುವ ಮೊದಲೇ ಎರಡು ವರ್ಷದ ಶೂ ಬ್ಯಾಗು ಒಟ್ಟಿಗೆ ಕೊಂಡರೆ ನೂರಕ್ಕೆ ಐದು ಉಳಿಯುತ್ತದೆ. ಲೆಕ್ಕ ಸರಿಯಾಗಿತ್ತು. ಇವತ್ತಿಗೂ ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಿಲ್ಲ.

ನಿಧಿಯ ಪರವಾಗಿ ಶಾಲೆಯಲ್ಲಿ ಸಹಿ ಹಾಕುವವರು ಫ್ಲೇವಿಯಾ ಟೀಚರ್, ಮಂಗಳೂರಿನವರು, ಹತ್ತನೆಯ ತರಗತಿಯ ಮೇಲ್ವಿಚಾರಕಿ. ಚೆಕ್ಕು ನೋಡಿ ಅವರು ಪೆನ್ನು ಮೇಲಕ್ಕೆತ್ತಿಕೊಂಡೇ ಕೂತರು.

“ವಸುಧಾ, ಫೀಸಿಗೆ ಅಂತ ಸ್ವಲ್ಪ ಬದಿಗೆ ಇಡುವುದು ಬೇಡವಾ?”

“ಫೀಸಿನ ಅರ್ಜಿ ಯಾವಾಗ್ಲೂ ವರ್ಷದ ಕೊನೇಲೇ ಬರೋದು ಟೀಚರ್. ಅಷ್ಟರಲ್ಲಿ ಮತ್ತೆ ಸುತ್ತೋಲೆ ಹೋಗುತ್ತೆ” ಎಂದೆ.

“ನಿಮಗೆ ಗೊತ್ತಿರ್ತದೆ ಬಿಡಿ” ಎಂದು ಸಹಿ ಹಾಕಿದರು.

ಶೂ ಕೊಂಡದ್ದು ಓಲ್ಡ್ ಏರ್‌ಪೋರ್ಟಿನಲ್ಲಿ ಶಾಲಾ ಸಾಮಾನಿನ ಅಂಗಡಿಯಿಟ್ಟಿದ್ದ ಸದಾನಂದಣ್ಣನ ಬಳಿ. ಬೆಳ್ತಂಗಡಿ ಕಡೆಯವರು, ಚೌಕಾಸಿಯಲ್ಲಿ ನನಗೆ ಸರಿಜೋಡಿ. ಮಾಲು ವಾಪಸ್ ಇಲ್ಲ ಎಂದು ಬರೆದುಕೊಟ್ಟರೆ ಇನ್ನೂ ಮೂರು ಪರ್ಸೆಂಟ್ ಬಿಡುವಿರಾ ಎಂದು ಕೇಳಿದ್ದು ನಾನೇ. ಅವರು ಬಿಟ್ಟರು. ಬಿಲ್ಲಿನ ಕೆಳಗೆ ಆ ಸಾಲು ಬರೆಸಿ, ನಾನೇ ಕೆಂಪು ಗೆರೆ ಎಳೆದೆ.

ಡಬ್ಬಗಳು ನಮ್ಮ ಮನೆಗೆ ಬಂದವು. ಗೋದಾಮಿನ ಬಾಡಿಗೆಯೂ ಉಳಿಯಿತಲ್ಲ! ವಿಲ್ಲಾವನ್ನು ನಾಲ್ಕು ಸಂಸಾರಕ್ಕೆ ಭಾಗ ಮಾಡಿದ್ದರು, ನಮ್ಮ ಪಾಲಿಗೆ ಎರಡೂವರೆ ಕೋಣೆ. ಆ ಅರೆ ಕೋಣೆ ಮಗನದು. ಮೇ ತಿಂಗಳ ಸೆಕೆಗೆ ಶೂಗಳ ಅಂಟು ಬಿಟ್ಟುಕೊಳ್ಳುತ್ತದೆ ಎಂದು ಸದಾನಂದಣ್ಣ ಹೆದರಿಸಿದ್ದರಿಂದ ಅಲ್ಲಿ ಎಸಿ ಹಗಲೂ ಇರುಳೂ ಓಡಬೇಕಾಯಿತು. ಕರೆಂಟು ಬಾಡಿಗೆಯಲ್ಲೇ ಸೇರಿತ್ತು ಎಂಬುದು ನನ್ನ ಸಮಾಧಾನ. ಮಗ ನಮ್ಮ ಕೋಣೆಗೆ ಹಾಸಿಗೆ ಎಳೆದುಕೊಂಡು ಬಂದ. “ಶೂಗೆ ರೂಮು, ಮಗನಿಗೆ ನೆಲ” ಎಂದು ನಮ್ಮವರು ಸಿಕ್ಕಿದವರಿಗೆಲ್ಲ ಹೇಳಿ ನಗುತ್ತಿದ್ದರು. ನಾನೂ ನಕ್ಕೆ.

ನಗು ನಿಂತದ್ದು ಆಗಸ್ಟಿನಲ್ಲಿ. ಬೇಸಿಗೆ ರಜೆಗೆ ಊರಿಗೆ ಹೋದ ಹಲವು ಸಂಸಾರಗಳು ತಿರುಗಿ ಬರಲಿಲ್ಲ. ಕ್ರೀಡಾಂಗಣ, ಹೋಟೆಲು, ರಸ್ತೆ ಎಲ್ಲದರ ಕೆಲಸ ಮುಗಿಯುತ್ತ ಬಂದಿತ್ತು. ಕೆಲಸ ಮುಗಿದಲ್ಲಿ ಕೆಲಸದವರೂ ಖಲಾಸ್. ನಮ್ಮ ಪಟ್ಟಿಯ ಮೂವತ್ತು ಮಕ್ಕಳಲ್ಲಿ ಹನ್ನೊಂದು ಮಂದಿಯ ಹೆಸರು ಒಂದೇ ತಿಂಗಳಲ್ಲಿ ಹೊಡೆದುಹೋಯಿತು. ಅವರ ಅಳತೆಯ ಶೂಗಳು ನನ್ನ ಗೋಡೆಗೆ ಒರಗಿಕೊಂಡು ಹಾಗೇ ನಿಂತವು. ವ್ಯಾಟ್ ಸುದ್ದಿ ಇಲ್ಲ. ಬ್ಯಾಂಕಿನಲ್ಲಿ ನಿಧಿಯ ಹೆಸರಿನಲ್ಲಿ ಉಳಿದಿದ್ದದ್ದು ಮೂವತ್ತು ಚಿಲ್ಲರೆ ರಿಯಾಲ್.

ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ಉಮೇಶ್ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಕಾರ್ಕಳದವನು, ಜಿಪ್ಸಮ್ ಸೀಲಿಂಗ್ ಕೆಲಸದ ಫೋರ್‌ಮನ್. ಮಗಳು ಶ್ರಾವ್ಯಾ ಹತ್ತನೆಯ ತರಗತಿ. ಅವನು ಯಾವತ್ತೂ ನಿಧಿಯ ಹತ್ತಿರ ಬಂದವನಲ್ಲ, ಬದಲಿಗೆ ಏಪ್ರಿಲ್‌ನಲ್ಲಿ ಲಕೋಟೆಯಲ್ಲಿ ಐವತ್ತು ರಿಯಾಲ್ ಹಾಕಿ ಕೊಡುತ್ತಿದ್ದವನು. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು. ಆ ತಿಂಗಳು ದೋಹಾದಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ.

“ಕಂಪನಿಯಲ್ಲಿ ಕೆಲಸ ಇಲ್ಲ ಅಂದ್ರು ಅಕ್ಕ. ಎರಡು ತಿಂಗಳ ಸಂಬಳವೂ ಬಾಕಿ. ಇವಳ ಎರಡು ಟರ್ಮ್ ಫೀಸ್ ಕಟ್ಟಲಿಕ್ಕೆ ಉಂಟು” ಎಂದು ಅರ್ಜಿ ಮುಂದಿಟ್ಟ. “ಗುರುವಾರ ಹನ್ನೆರಡು ಗಂಟೆ ಒಳಗೆ ಕಟ್ಟದಿದ್ರೆ ಬೋರ್ಡ್ ಪರೀಕ್ಷೆಗೆ ಹೆಸರು ಕಳಿಸುವುದಿಲ್ಲವಂತೆ. ಮತ್ತೆ ಒಂದು ವರ್ಷ ಹೋಯಿತು ಅಂತಲೇ.”

ನಾಲ್ಕು ಸಾವಿರದ ಇನ್ನೂರು ರಿಯಾಲ್. ನನ್ನ ಬೆನ್ನ ಹಿಂದಿನ ಬಾಗಿಲಿನ ಆಚೆ ಅದರ ಎರಡರಷ್ಟು ದುಡ್ಡು ಡಬ್ಬಗಳಲ್ಲಿ ಕೂತಿತ್ತು. ಆಗಲೇ ಹೇಳಿಬಿಡಬೇಕಿತ್ತು, ನಿಧಿಯಲ್ಲಿ ಏನೂ ಇಲ್ಲ, ಬೇರೆ ದಾರಿ ನೋಡಿಕೊಳ್ಳಿ ಎಂದು. ಆದರೆ ಚಪ್ಪಾಳೆ ಗಿಟ್ಟಿಸಿದ ಖಜಾಂಚಿ ನಾನು. “ನೋಡ್ತೀನಿ ಉಮೇಶ್, ಏನಾದರೂ ಮಾಡೋಣ” ಎಂದೆ.

ಅವನ ಮುಖ ಅರಳಿತು. ಆ ಮುಖ ನೋಡಲಾಗದೆ ಒಳಗೆ ಹೋಗಿ, ಹುಡುಗಿಯ ಅಳತೆ ಕೇಳಿ ಎರಡು ಜೊತೆ ಶೂ ತಂದು ಅವಳ ಕೈಗಿಟ್ಟೆ. ಅವಳ ಕಾಲಲ್ಲಿದ್ದ ಶೂ ಮುಂದುಗಡೆ ಬಾಯಿ ಬಿಟ್ಟಿತ್ತು. ಶ್ರಾವ್ಯಾ ಡಬ್ಬಗಳನ್ನು ಎದೆಗೆ ಒತ್ತಿಕೊಂಡಳು.

“ಥ್ಯಾಂಕ್ಸ್ ಆಂಟಿ. ಆದ್ರೆ ಲಿಸ್ಟಲ್ಲಿ ನೇಮ್ ಹೋಗ್ಲಿಲ್ಲ ಅಂದ್ರೆ ಇದನ್ನು ಹಾಕಿಕೊಂಡು ಎಲ್ಲಿಗೆ ಹೋಗುವುದು?”

ಕೊಂಕಿನಿಂದ ಕೇಳಿದ್ದಲ್ಲ. ಮಕ್ಕಳು ದಾರಿ ಕೇಳುವ ಹಾಗೆ ಕೇಳಿದಳು. ಉಮೇಶ್ ಅವಳನ್ನು ಗದರಿದ. ನಾನು ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಸೋಮವಾರ ಆಫೀಸಿನಿಂದ ಸೀದಾ ಸದಾನಂದಣ್ಣನ ಅಂಗಡಿಗೆ ಹೋಗಿ ಅರ್ಧ ಮಾಲಾದರೂ ವಾಪಸ್ ತಗೊಳ್ಳಿ ಎಂದು ಕೇಳಿದೆ. ಅವರು ಬಿಲ್ಲಿನ ಪ್ರತಿಯನ್ನು ಹುಡುಕಿ ತೆಗೆದು, ನಾನು ಎಳೆದ ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

“ನೀವೇ ಬರೆಸಿದ್ದಲ್ವಾ ಅಕ್ಕ. ಇದಕ್ಕೇ ಅಲ್ವಾ ನಾನು ಮೂರು ಪರ್ಸೆಂಟ್ ಬಿಟ್ಟದ್ದು. ಈಗ ನನ್ನ ಹತ್ತಿರವೂ ಮಾಫಿ ಫುಲೂಸ್, ದುಡ್ಡೇ ಇಲ್ಲ. ಮಕ್ಕಳೆಲ್ಲ ಊರಿಗೆ ಹೋದ್ರೆ ನಾನು ಶೂ ಯಾರಿಗೆ ಮಾರ್ಲಿ ಹೇಳಿ.”

ಮಂಗಳವಾರ ಆಫೀಸಿನಲ್ಲಿ ಕೂತು ಮೂರು ಅಂಗಡಿಗಳಿಗೆ ಫೋನು ಮಾಡಿದೆ, ಮೂವರೂ ಬೇಡವೆಂದರು. ಮನೆಗೆ ಬಂದು ನಮ್ಮವರ ಮುಂದೆ ಮೊದಲ ಸಲ ಎಲ್ಲವನ್ನೂ ಹೇಳಿದೆ.

“ನಾವೇ ಕಟ್ಟೋಣ, ಯಾರಿಗೂ ಗೊತ್ತಾಗೋದು ಬೇಡ” ಎಂದರು ಅವರು. ಅದು ನನಗೂ ಬೇಕಾಗಿತ್ತು. ಆದರೆ ಅತ್ತೆಯ ಮಂಡಿ ಆಪರೇಷನ್ನಿಗೆ ಆ ತಿಂಗಳೇ ದುಡ್ಡು ಕಳುಹಿಸಿ ಕೂತಿದ್ದೆವು. ಎಷ್ಟು ಕೆರೆದರೂ ಎರಡು ಸಾವಿರ ದಾಟಲಿಲ್ಲ. ಅಷ್ಟರಲ್ಲಿ ಉಮೇಶನ ಮೆಸೇಜು ಬಂತು, ಏನಾಯಿತು ಅಕ್ಕ ಎಂದು. “ಪ್ರಯತ್ನ ನಡೀತಿದೆ” ಎಂದು ಬರೆದೆ. ಅದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಆ ಮೂರು ದಿನ ನಾನು ಮಾಡಿದ್ದೆಲ್ಲ ಅಂಥದ್ದೇ.

ಬುಧವಾರ ಮಧ್ಯಾಹ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಫ್ಲೇವಿಯಾ ಟೀಚರ್ ಕೋಣೆಯಲ್ಲಿ ಉಮೇಶ್ ಆಗಲೇ ಕೂತಿದ್ದ, ನಾನು ಚೆಕ್ಕು ತಂದಿರುತ್ತೇನೆ ಎಂದುಕೊಂಡು. ನಿಂತೇ ಹೇಳಿದೆ.

“ಟೀಚರ್, ಬ್ಯಾಂಕಲ್ಲಿ ದುಡ್ಡಿಲ್ಲ. ಎಲ್ಲಾ ಶೂ ಆಗಿದೆ. ವ್ಯಾಟ್ ಬರುತ್ತೆ ಅಂತ ಎರಡು ವರ್ಷದ್ದು ಒಟ್ಟಿಗೆ ತಗೊಂಡೆ. ನೀವು ಕೇಳಿದ್ರಿ, ನಾನೇ ಬೇಡ ಅಂದೆ. ಉಮೇಶ್, ಭಾನುವಾರವೇ ನನಗೆ ಇದು ಗೊತ್ತಿತ್ತು. ಬಾಯಿ ಬರಲಿಲ್ಲ.”

ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉಮೇಶ್ ಬೈಯುತ್ತಾನೆ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವನು ನೆಲ ನೋಡುತ್ತ ಕೂತವನು ಸಣ್ಣಗೆ ನಕ್ಕ.

“ನಾನೂ ಅದೇ ಮಾಡಿದ್ದು ಅಕ್ಕ. ವ್ಯಾಟ್ ಬಂದ್ರೆ ಜಾಸ್ತಿ ಆಗ್ತದೆ ಅಂತ ಏಪ್ರಿಲ್‌ನಲ್ಲೇ ಟಿವಿ ತೆಗೆದೆ. ಐವತ್ತೈದು ಇಂಚಿನದ್ದು, ವರ್ಲ್ಡ್ ಕಪ್ ನೋಡ್ಲಿಕ್ಕೆ. ಕೈಯಲ್ಲಿ ಇದ್ದದ್ದು ಎಲ್ಲ ಅದಕ್ಕೇ ಹೋಯ್ತು.” ಜೇಬಿನಿಂದ ಫೋನು ತೆಗೆದು ಮುಂದುವರಿಸಿದ. “ಸೋಮವಾರ ಅಲ್ ಗರಾಫಾದ ಕೆಫೆಟೇರಿಯಾದವ ಮೂರು ಸಾವಿರಕ್ಕೆ ಕೇಳಿದ್ದ. ನಿಧಿಯಿಂದ ಆಗ್ತದಲ್ಲ ಅಂತ ಬೇಡ ಅಂದೆ. ಈಗ ಅವನು ಬೇರೆ ಟಿವಿ ನೋಡಿಟ್ಟಿದ್ದಾನಂತೆ.”

ಶೂ ಕೊಂಡದ್ದು ನನ್ನ ದಡ್ಡತನ, ಅದನ್ನು ಯಾರಾದರೂ ಮನ್ನಿಸಬಹುದು. ನಾನು ಬಾಯಿ ಮುಚ್ಚಿಕೊಂಡ ಮೂರು ದಿನ ಅವನ ಕೈಯಿಂದ ಗಿರಾಕಿಯನ್ನು ಕಿತ್ತುಕೊಂಡಿತ್ತು.

ಉಮೇಶ್ ಅಲ್ಲಿಂದಲೇ ಕೆಫೆಟೇರಿಯಾದವನಿಗೆ ಫೋನು ಹಚ್ಚಿದ. ಮಲಯಾಳದಲ್ಲಿ ಅರ್ಧ, ಹಿಂದಿಯಲ್ಲಿ ಅರ್ಧ ಮಾತಾಡಿ ಇಟ್ಟ. ಎರಡು ಸಾವಿರದ ಇನ್ನೂರಕ್ಕೆ ಒಪ್ಪಿದ್ದಾನೆ, ಬೆಳಿಗ್ಗೆ ತಂದು ಹಾಕಿ ತೋರಿಸಿದರೆ ಅಲ್ಲೇ ನಗದು. ನಮ್ಮ ಎರಡು ಸಾವಿರ ಸೇರಿಸಿದರೆ ಸರಿಯಾಗಿ ನಾಲ್ಕು ಸಾವಿರದ ಇನ್ನೂರು. ಒಂದು ರಿಯಾಲೂ ಹೆಚ್ಚಿಲ್ಲ. ನಮ್ಮ ದುಡ್ಡು ಬೇಡವೆಂದು ಅವನು ಹಟ ಹಿಡಿದಾಗ ಫ್ಲೇವಿಯಾ ಟೀಚರ್ ಕನ್ನಡಕ ಹಾಕಿಕೊಂಡರು. “ಉಮೇಶ್, ಅವರು ಕೊಡ್ಲಿ. ಅವರಿಗೆ ಅದು ಬೇಕು” ಎಂದರು. ನನ್ನ ಕಡೆ ನೋಡಲಿಲ್ಲ.

ರಾತ್ರಿ ನಾನು ಫೋನು ಮಾಡಿ ಕೇಳಿದ್ದಕ್ಕೆ, ಗುರುವಾರ ಬೆಳಿಗ್ಗೆ ಟಿವಿ ಸಾಗಿಸಲು ಸದಾನಂದಣ್ಣ ತಮ್ಮ ಅಂಗಡಿಯ ವ್ಯಾನು ತಂದರು. ಶೂ ವಾಪಸ್ ತಗೊಳ್ಳದ ಮನುಷ್ಯ ವ್ಯಾನಿನ ಪೆಟ್ರೋಲಿಗೂ ದುಡ್ಡು ಕೇಳಲಿಲ್ಲ. ಅವರೂ ಉಮೇಶನೂ ಅಲ್ ಗರಾಫಾಗೆ ಹೊರಟರು. ನಾನು ನಮ್ಮ ಎರಡು ಸಾವಿರ ಹಿಡಿದುಕೊಂಡು ಶಾಲೆಯ ಫೀಸ್ ಕೌಂಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅರ್ಧ ಫೀಸು ಕಟ್ಟಿದರೆ ಹೆಸರು ಹೋಗುವುದಿಲ್ಲ ಎಂದು ಕ್ಯಾಷಿಯರ್ ಮೊದಲೇ ಹೇಳಿದ್ದ.

ಹನ್ನೊಂದಕ್ಕೆ ಫೋನು ಮಾಡಿದೆ. “ರೋಡ್ ಬಂದ್ ಮಾಡಿದ್ದಾರೆ ಅಕ್ಕ, ಸುತ್ತಿ ಬಂದು ಈಗಷ್ಟೇ ಮುಟ್ಟಿದ್ದು” ಎಂದ. ಆ ತಿಂಗಳು ಇವತ್ತು ಇದ್ದ ರಸ್ತೆ ನಾಳೆ ಇರುತ್ತಿರಲಿಲ್ಲ. ಹನ್ನೊಂದೂಕಾಲಿಗೆ ಮತ್ತೆ ಮಾಡಿದೆ. ಟಿವಿ ಗೋಡೆಗೆ ಹಾಕಿ ನೋಡುತ್ತಿದ್ದಾರಂತೆ. ಹನ್ನೊಂದೂವರೆಗೆ ಸದಾನಂದಣ್ಣ ಎತ್ತಿದರು. ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು. “ಇನ್ನೂರು ಕಡಿಮೆ ಮಾಡಿ ಅಂತ ಹಟ ಹಿಡಿದಿದ್ದಾನೆ ಅಕ್ಕ.” ಚೌಕಾಸಿಯ ಇನ್ನೊಂದು ತುದಿಯಲ್ಲಿ ಕೂತರೆ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆಗ. ನನ್ನ ಹೊಸ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ನೂಲು ಬಿಡಿಸಿಬಿಟ್ಟಿದ್ದೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕ್ಯಾಷಿಯರ್ ಡ್ರಾಯರಿನ ದುಡ್ಡು ಎಣಿಸಲು ಶುರು ಮಾಡಿದ. ಫ್ಲೇವಿಯಾ ಟೀಚರ್ ತಮ್ಮ ಕೋಣೆಯಿಂದ ಬಂದು ಕೌಂಟರಿನ ಕಿಟಕಿಗೆ ಮೊಣಕೈ ಊರಿ ನಿಂತು, ಅವನ ಮಕ್ಕಳ ಯೋಗಕ್ಷೇಮ ವಿಚಾರಿಸತೊಡಗಿದರು. ಅವರು ಹಾಗೆಲ್ಲ ಹರಟೆ ಹೊಡೆಯುವವರಲ್ಲ. ಆ ಮೊಣಕೈ ಅಲ್ಲಿರುವಷ್ಟು ಹೊತ್ತು ಕಿಟಕಿ ಮುಚ್ಚುವಂತಿರಲಿಲ್ಲ.

ಉಮೇಶ್ ಓಡಿಕೊಂಡು ಬಂದ. ಎರಡು ಸಾವಿರ ಅವನ ಜೇಬಿನಲ್ಲಿ, ಮೇಲಿನ ಇನ್ನೂರು ಸದಾನಂದಣ್ಣನ ಜೇಬಿನಿಂದ. ರಸೀದಿಯ ಮೇಲೆ ಠಸ್ಸೆ ಬಿತ್ತು. ಟೀಚರ್ ಅದನ್ನು ತೆಗೆದುಕೊಂಡು ಒಳಗೆ ಹೋಗಿ, ಕಂಪ್ಯೂಟರಿನ ಪಟ್ಟಿಯಲ್ಲಿ ಕೊನೆಯ ಹೆಸರು ತುಂಬಿ, ಹೊರಗೆ ಬಂದು ತಲೆಯಾಡಿಸಿದರು. ಉಮೇಶ್ ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ.

ಆಮೇಲಿನದು ಬೇಗ ಬೇಗ ಕಳೆಯಿತು. ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ನನ್ನ ತಪ್ಪನ್ನು ಓದಿ ಹೇಳಿದೆ. ಚಪ್ಪಾಳೆ ಬೀಳಲಿಲ್ಲ. ನವೆಂಬರಿನಲ್ಲಿ ಶಾಲೆಗೆ ರಜೆ ಕೊಟ್ಟರು, ಊರ ತುಂಬ ಬಾವುಟ, ಮೆಟ್ರೋದಲ್ಲಿ ಕಾಲಿಡಲು ಜಾಗವಿಲ್ಲ. ಉಮೇಶನಿಗೆ ಬೇರೆ ಕಂಪನಿಯಲ್ಲಿ ಕಡಿಮೆ ಸಂಬಳದ ಕೆಲಸ ಸಿಕ್ಕಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಅಲ್ ಗರಾಫಾದ ಆ ಕೆಫೆಟೇರಿಯಾದ ಹೊರಗೆ ನಿಂತು, ಒಂದು ರಿಯಾಲಿನ ಟೀ ಹಿಡಿದುಕೊಂಡು, ಗಾಜಿನಾಚೆ ತನ್ನದೇ ಟಿವಿಯಲ್ಲಿ ಆಟ ನೋಡುತ್ತಾನೆ ಎಂದು ಸದಾನಂದಣ್ಣ ಹೇಳಿದರು. ಹೊಸ ವರ್ಷ ಬಂತು. ವ್ಯಾಟ್ ಬರಲಿಲ್ಲ. ಈಗಲೂ ಬಂದಿಲ್ಲ.

ಮಾರ್ಚಿನಲ್ಲಿ ಹತ್ತನೆಯ ತರಗತಿಯ ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ ಶ್ರಾವ್ಯಾ ನಮ್ಮ ಮನೆಗೆ ಬಂದಳು. ಮುಂದಿನ ವಾರ ಅವರ ಸಂಸಾರವೆಲ್ಲ ಊರಿಗೆ ಹೊರಡುವುದಿತ್ತು. ಪರೀಕ್ಷೆ ಚೆನ್ನಾಗಿ ಆಯಿತು ಎಂದಳು. ಆಮೇಲೆ ಬ್ಯಾಗಿನಿಂದ ಎರಡು ಡಬ್ಬ ತೆಗೆದು ನನ್ನ ಮುಂದಿಟ್ಟಳು.

“ಆಂಟಿ, ಇದು ಹೊಸದೇ ಉಂಟು. ನಾನು ಹಾಕ್ಲಿಲ್ಲ. ನಿಧಿಯ ದುಡ್ಡೆಲ್ಲ ಇದಕ್ಕೇ ಹೋಗಿದೆ ಅಂತ ಡ್ಯಾಡಿ ಹೇಳಿದ್ರು. ಇನ್ನೊಬ್ರಿಗೆ ಕೊಟ್ರೆ ಅಷ್ಟಾದ್ರೂ ಸೇವ್ ಆಗ್ತದಲ್ಲ.”

ಮುಚ್ಚಳ ತೆಗೆದೆ. ಕಾಗದದ ಉಂಡೆ ತುರುಕಿದ್ದು ಹಾಗೇ ಇತ್ತು, ಅದೇ ರಬ್ಬರು ಅಂಟಿನ ವಾಸನೆ. ಅವಳ ಕಾಲು ನೋಡಿದೆ. ಸೆಪ್ಟೆಂಬರಿನ ಅದೇ ಶೂ. ಬಾಯಿ ಬಿಟ್ಟಿದ್ದ ಜಾಗಕ್ಕೆ ಕಪ್ಪು ಟೇಪು ಸುತ್ತಿತ್ತು. ಬೋರ್ಡ್ ಪರೀಕ್ಷೆಯನ್ನು ಆ ಟೇಪು ಸುತ್ತಿದ ಶೂನಲ್ಲೇ ಬರೆದು ಬಂದಿದ್ದಳು. ಆರು ತಿಂಗಳು ಎರಡು ಜೊತೆ ಹೊಸ ಶೂ ಮನೆಯಲ್ಲಿಟ್ಟುಕೊಂಡು, ನನಗಾಗಿ ಉಳಿಸಿದ್ದಳು. ಅವಳ ಮುಂದೆಯೇ ಅತ್ತುಬಿಟ್ಟೆ, ತಡೆದುಕೊಳ್ಳಲು ಆಗಲಿಲ್ಲ. ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು.

“ಮೇಡಂ, ಎರಡು ಜೊತೆ ಹಾಕ್ಲಾ?” ಮೈಸೂರಿನ ಅಂಗಡಿಯವನು ಮತ್ತೆ ಕೇಳುತ್ತಿದ್ದ. ತಂಗಿಯ ಮಗಳು ಹೊಸ ಶೂನಲ್ಲಿ ಕನ್ನಡಿಯ ಮುಂದೆ ಕುಪ್ಪಳಿಸಿ ನೋಡಿ, ಬಿಚ್ಚಿ ಡಬ್ಬಕ್ಕೆ ಹಾಕಲು ಬಗ್ಗಿದ್ದಳು.

“ಒಂದೇ ಜೊತೆ ಸಾಕು. ಡಬ್ಬ ಬೇಡ” ಎಂದೆ. “ಬಿಚ್ಚಬೇಡ ಪುಟ್ಟಿ, ಹಾಕ್ಕೊಂಡೇ ನಡಿ.”